ಪಾತ್ರೆ ತೊಳೆಯುವವಳು ಮಾತ್ರ

ಹುಲಿಗೆಮ್ಮ, ನಿನ್ನ ಹೆಸರಿನ ಮುಂದೆ ಆ ಸುಳ್ಳನ್ನು ಬರೆಸಿದವಳು ನಾನು. ಯಂತ್ರವಲ್ಲ, ತರಬೇತಿ ಕೇಂದ್ರದವರಲ್ಲ. ನಾನು — ನೀನು ವರ್ಷಗಟ್ಟಲೆ ‘ಅಕ್ಕಾರ’ ಎಂದು ಕರೆದ ನಾನು.

ಆ ಬೆಳಿಗ್ಗೆ ಎಂದಿನಂತೆಯೇ ಇತ್ತು. ಮಂಡಕ್ಕಿ ತೋಯಿಸಿಟ್ಟು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ನಮ್ಮ ಯಜಮಾನರು ಅಂಗಡಿಗೆ ಹೊರಟಿದ್ದರು. ನೀನು ಕೌಲ್‌ಬಜಾರಿನ ನಿನ್ನ ಬಾಡಿಗೆ ಕೋಣೆಯಿಂದ ಏಳಕ್ಕೆ ಮೊದಲೇ ಬಂದಿದ್ದೆ. ಪಾರ್ಶ್ವವಾಯು ಹೊಡೆದು, ಮಾತು ನಿಂತು, ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯ ಮೈ ಒರೆಸಿ, ಮಗ್ಗುಲು ಬದಲಿಸಿ, ಹಿಮ್ಮಡಿಯ ಕೆಳಗೆ ಹಳೆಯ ಸೀರೆಯ ಸುರುಳಿ ಇಟ್ಟಾಗಿತ್ತು. ಮೂಗಿನ ಪೈಪಿಗೆ ಗಂಜಿ ಬಿಡುವ ಮೊದಲು ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಹಾಕಿಕೊಂಡು ನೀನು ಬಿಸಿ ನೋಡುತ್ತಿದ್ದೆ. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆರು ವರ್ಷದಲ್ಲಿ ಆ ಬೆನ್ನಿನ ಮೇಲೆ ಒಂದು ಹುಣ್ಣು ಏಳಲಿಲ್ಲ. ಮತ್ತೆ ನಾನು — ಆ ಕೋಣೆಯ ವಾಸನೆಗೆ ಸೆರಗು ಮೂಗಿಗಿಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದವಳು.

ತಿಂಗಳಿಂದ ನಿನ್ನ ಬಾಯಲ್ಲಿ ಒಂದೇ ಮಾತಿತ್ತು: ಸಿರುಗುಪ್ಪದ ನರ್ಸಿಂಗ್ ಹೋಮ್. ರೋಗಿಗಳನ್ನು ನೋಡಿಕೊಳ್ಳುವ ಕೆಲಸ, ಇರಲು ಅಲ್ಲೇ ಒಂದು ಕೋಣೆ. ಅದೇ ಊರಲ್ಲಿ, ನಿನ್ನ ಅಕ್ಕನ ಮನೆಯಲ್ಲಿ, ನಿನ್ನ ಮಗಳು ಗಂಗಾ ಬೆಳೆಯುತ್ತಿದ್ದಳು. ನೀನು ಅವಳ ಮುಖ ನೋಡುತ್ತಿದ್ದದ್ದು ಹದಿನೈದು ದಿನಕ್ಕೊಂದು ಭಾನುವಾರ. ಕುರುಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿಗೇ ಓದು ನಿಲ್ಲಿಸಿದ್ದ ನಿನ್ನ ಹತ್ತಿರ ನರ್ಸಿಂಗಿನ ಕಾಗದವಿರಲಿಲ್ಲ. ಆದರೆ ಕೆಲಸ ಮಾಡುತ್ತಲೇ ಕಲಿತವರಿಗೂ ಸರ್ಟಿಫಿಕೇಟು ಕೊಡುವ ತರಬೇತಿ ಕೇಂದ್ರವೊಂದನ್ನು ಬಳ್ಳಾರಿಯಲ್ಲೇ ನೀನು ಹುಡುಕಿಕೊಂಡಿದ್ದೆ. ಕೆಲಸ ಕೊಟ್ಟ ಮನೆಯವರು ‘ಹೌದು’ ಎಂದರೆ ಸಾಕು. ಆ ಮಾತು ಬ್ಲಾಕ್‌ಚೈನ್‌ಗೆ ಏರುತ್ತದೆ, ಎಷ್ಟೋ ಕಂಪ್ಯೂಟರುಗಳಲ್ಲಿ ಒಟ್ಟಿಗೇ ಕೂರುತ್ತದೆ, ಆಮೇಲೆ ಯಾರಿಂದಲೂ ತಿದ್ದಲಾಗದು. ನಕಲಿ ಸರ್ಟಿಫಿಕೇಟು ನೋಡಿ ನೋಡಿ ಸಾಕಾದ ಆಸ್ಪತ್ರೆಯವರು ಕಾಗದ ಬಿಟ್ಟು ಅದನ್ನೇ ನಂಬುತ್ತಾರೆ.

“ಬ್ರಹ್ಮ ಹಣಿಮ್ಯಾಲ ಬರದಂಗಂತ್ರಿ ಅಕ್ಕಾರ,” ಎಂದು ನೀನು ನಕ್ಕಿದ್ದೆ. “ಈ ಸಲ ನನ್ನ ಬ್ರಹ್ಮ ನೀವೇ. ಚೊಲೋ ಬರೀರಿ ಮತ್ತ!”

ಸಾಸಿವೆ ಸಿಡಿಯುತ್ತಿರುವಾಗಲೇ ಫೋನು ಬಂತು. ಒಲೆ ಆರಿಸಿ, ಅದನ್ನು ಕಿವಿಗಿಟ್ಟುಕೊಂಡು ಅತ್ತೆಯ ಕೋಣೆಯ ಬಾಗಿಲಿಗೆ ಬಂದೆ. ಕೇಂದ್ರದ ಹೆಣ್ಣುಮಗಳು ನಿನ್ನ ಹೆಸರು ಹೇಳಿ ಕೇಳಿದಳು: “ಪೇಷಂಟ್‌ನ ಆರು ವರ್ಷದಿಂದ ಇವ್ರೇ ನೋಡ್ಕೊಳ್ಳಾಕತ್ತಾರೇನ್ರಿ ಮೇಡಂ? ಹೌದೋ ಇಲ್ಲೋ, ಎರಡ್ರಾಗ ಒಂದು ಹೇಳ್ರಿ.”

ನೀನು ಸಿರಿಂಜನ್ನು ಎತ್ತಿ ಹಿಡಿದು, ಗಂಜಿ ಇಳಿಯುವುದನ್ನು ಕಾಯುತ್ತ, ನನ್ನ ಮುಖವನ್ನೇ ನೋಡುತ್ತಿದ್ದೆ. ಆಗ ನನ್ನ ತಲೆಯಲ್ಲಿ ಗಂಗಾ ಇರಲಿಲ್ಲ. ನಾಳೆಯಿಂದ ಈ ಹಾಸಿಗೆ ಯಾರು — ಈ ಮಲ, ಈ ಮೂತ್ರ — ಅಷ್ಟೇ ಇತ್ತು. ನಾನು ಇಂಗ್ಲಿಷಿಗೆ ಹೊರಳಿದೆ, ನಿನಗೆ ತಿಳಿಯಬಾರದೆಂದು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ಆ ಮೆತ್ತನೆಯ ಇಂಗ್ಲಿಷಿನಲ್ಲಿ, ಸಣ್ಣಗೆ ನಗುತ್ತಲೇ, ಹೇಳಿದೆ: “ಆಕೆ ಪಾತ್ರೆ ತೊಳೆಯುವವಳು ಮಾತ್ರ. ರೋಗಿಯನ್ನು ನೋಡಿಕೊಳ್ಳುವುದು ನಾನು.”

ನೀನೂ ನಕ್ಕೆ. ನಾನು ನಿನ್ನನ್ನು ಹೊಗಳುತ್ತಿದ್ದೇನೆ ಎಂದುಕೊಂಡಿದ್ದೆ ನೀನು.

ಅತ್ತೆ ನಗಲಿಲ್ಲ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಗಂಟಲಿನಿಂದ ಒಂದು ಸದ್ದು ಬಂತು — ಅಂಥ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಗಂಜಿ ಹೆಚ್ಚಾಯಿತೇನೋ ಎಂದು ನೀನು ಸಿರಿಂಜು ಇಳಿಸಿ, “ಆತು ಆತು ಅಮ್ಮಾ, ನಿಧಾನ,” ಎಂದು ಅವರ ಎದೆ ಸವರಿದೆ.

ವಾರ ಕಳೆದು ನೀನು ಸಿರುಗುಪ್ಪಕ್ಕೆ ಹೋದೆ. ಗಂಗಾಳನ್ನೂ ಜೊತೆಗೆ ಕರೆದೊಯ್ದಿದ್ದೆಯಂತೆ, ಅವ್ವ ಕೆಲಸ ಮಾಡುವ ಜಾಗ ತೋರಿಸಲು. ನರ್ಸಿಂಗ್ ಹೋಮಿನವರು ಕಂಪ್ಯೂಟರಿನಲ್ಲಿ ನಿನ್ನ ನಂಬರು ಒತ್ತಿ, ನನ್ನ ಮಾತು ಕೂತಿದ್ದ ಕೆಂಪಕ್ಷರದ ಸಾಲನ್ನು ಓದಿ, ಆ ಮಗುವಿನ ಎದುರಿಗೇ ಕೇಳಿದರಂತೆ: “ಸುಳ್ಳು ಹೇಳಿ ಕೆಲಸ ಕೇಳಾಕ ಬಂದೀಯೇನವಾ?”

ಮರುದಿನ ಏಳಕ್ಕೆ ಮೊದಲೇ ನೀನು ಬಂದಿದ್ದೆ. ಕಣ್ಣು ಊದಿಕೊಂಡಿದ್ದವು. “ಮಷೀನು ತಪ್ಪು ಮಾಡೇತ್ರಿ ಅಕ್ಕಾರ, ಅಲ್ರೀ?”

“ಮಾಡಿರಬೇಕು,” ಎಂದೆ.

ನೀನು ತಲೆಯಾಡಿಸಿ, ಅತ್ತೆಗೆ ನೀರು ಕಾಯಿಸಲು ಹೋದೆ. ನನಗೆ — ಬರೆಯಲು ನಾಚಿಕೆಯಾಗುತ್ತದೆ — ನನಗೆ ಆಗ ಹಾಯೆನಿಸಿತು.

ಅತ್ತೆ ಇನ್ನೂ ಹತ್ತು ತಿಂಗಳು ಬದುಕಿದರು. ಕೊನೆಯ ಸ್ನಾನ ಮಾಡಿಸಿದವಳೂ ನೀನೇ. ದಿನಕರ್ಮ ಮುಗಿದ ಮರುದಿನ ನಾನು ನಿನ್ನ ಕೈಗೆ ಅವರ ಎರಡು ಹಳೆಯ ಸೀರೆ ಕೊಟ್ಟು, ಇನ್ನು ಬರುವುದು ಬೇಡ ಎಂದೆ. ಆಮೇಲೆ ನೀನು ಹೋದ ಆಸ್ಪತ್ರೆಗಳೆಲ್ಲ ಅದೇ ಸಾಲನ್ನು ಓದಿದವು. ಈಗ ಯಾರದೋ ಹೋಟೆಲಿನಲ್ಲಿ ನೀನು ನಿಜವಾಗಿಯೂ ಪಾತ್ರೆ ತೊಳೆಯುತ್ತೀ. ಗಂಗಾ ನಿನ್ನ ಅಕ್ಕನನ್ನೇ ‘ಅವ್ವ’ ಎನ್ನುತ್ತಾಳೆಂದು ಕೇಳಿದೆ.

ಕೇಂದ್ರಕ್ಕೆ ಫೋನು ಮಾಡಿ ವಿಚಾರಿಸಿದ್ದೆ. ಅಳಿಸಲು ಬರುವುದಿಲ್ಲವಂತೆ. ಕೆಳಗೆ ಇನ್ನೊಂದು ಸಾಲು ಸೇರಿಸಬಹುದು — ಮೊದಲು ಹೇಳಿದ್ದು ಸುಳ್ಳು ಎಂದು, ಹೇಳಿದವಳ ಹೆಸರಿನೊಂದಿಗೆ. ಆ ಹೆಸರೂ ಅಳಿಯದು. ಅದೊಂದೇ ಕಾರಣಕ್ಕೆ ಎರಡು ವರ್ಷ ಮುಂದೂಡಿದೆ. ನಿನ್ನೆ ಹೋಗಿ ಸೇರಿಸಿ ಬಂದೆ. ಮೊದಲ ಸಾಲು ಹಾಗೆಯೇ ಇದೆ; ಯಾರು ನೋಡಿದರೂ ಅದನ್ನು ಓದಿಯೇ ಎರಡನೆಯದಕ್ಕೆ ಬರಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದನ್ನೂ ನಿನ್ನ ಕೈಯಲ್ಲೇ ಮಾಡಿಸಿಕೊಂಡಂತೆ.

ಒಂದನ್ನು ಮಾತ್ರ ಇನ್ನೂ ಹೇಳಿಲ್ಲ. ಫೋನು ಬಂದ ಆ ದಿನವೇ ಸಂಜೆ, ನೀನು ಮನೆಗೆ ಹೋದ ಮೇಲೆ, ಪಕ್ಕದ ಮನೆಯ ಶಾರದಮ್ಮ ಒಣಗಿದ ಬಟ್ಟೆ ಮಡಿಸುತ್ತ ಕಾಂಪೌಂಡಿನ ಆಚೆಯಿಂದ ಕೂಗಿದ್ದರು:

“ನಿಮ್ಮ ಹುಲಿಗೆಮ್ಮ ಮಗಳ ಕೂಡ ಇರಾಕ ಸಿರುಗುಪ್ಪಕ್ಕ ಹೊಂಟಾಳಂತಲ್ರೀ! ಈಗಷ್ಟ ಕುಣಕೋತ ಹೇಳಿ ಹೋದ್ಲು. ನಿಮ್ಮದು ದೊಡ್ಡ ಮನಸ ಬಿಡ್ರಿ — ನಾನಾಗಿದ್ರ ಏನಾರ ಒಂದು ಸುಳ್ಳು ಹೇಳಿ ಇಟ್ಕೋತಿದ್ದೆ.”