ಹಮ್ಮಿಗಿಯ ಎತ್ತಿನ ಎಲುಬುಗಳು

ಗದಗಿನಿಂದ ಮುಂಡರಗಿಗೆ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಖಾಲಿ ಗೋಣಿಚೀಲವೊಂದೇ. ಎಂಬತ್ತರ ದಶಕದ ಮೊದಲ ವರ್ಷಗಳು. ಪಶುವೈದ್ಯಕೀಯ ಓದುತ್ತಿದ್ದ ನಾನು ಅಂಗರಚನಾಶಾಸ್ತ್ರದಲ್ಲಿ ನಪಾಸಾಗಿ ಬೆಟಗೇರಿಯ ಮನೆಗೆ ಬಂದಿದ್ದೆ. ಕಾಲೇಜಿನಲ್ಲಿದ್ದ ಒಂದೇ ಒಂದು ಎತ್ತಿನ ಅಸ್ಥಿಪಂಜರ ಗಾಜಿನ ಕಪಾಟಿನಲ್ಲಿತ್ತು. ಪುಸ್ತಕದ ಚಿತ್ರವನ್ನಂತೂ ತಿರುಗಿಸಿ ಹಿಂಬದಿ ನೋಡಲಾಗದು. ಮರುಪರೀಕ್ಷೆಗೆ ಒಂದು ತಿಂಗಳಿತ್ತು. ಹಮ್ಮಿಗಿಯ ಹುಸೇನಸಾಬರು ಸತ್ತ ಎತ್ತನ್ನು ಮೂರು ವರ್ಷದ ಹಿಂದೆ ಹೊಲದಲ್ಲೇ ಹೂಳಿದ್ದಾರೆ, ಅದರ ಎಲುಬು ಕೇಳಿ ನೋಡು ಎಂದು ಮುಂಡರಗಿಯಲ್ಲಿ ಮಾಸ್ತರರಾಗಿದ್ದ ಸೋದರಮಾವ ಹೇಳಿ ಕಳಿಸಿದ್ದರು.

ಮುಂಡರಗಿಯಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದು ಹಮ್ಮಿಗಿಯ ಬಸ್ಸು ಹಿಡಿದೆ. ಎರಡು ದಿನದ ಹಿಂದೆ ಮಳೆಯಾಗಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ಬಿತ್ತನೆಯ ಗಡಿಬಿಡಿ. ಹಮ್ಮಿಗಿಯಲ್ಲಿ ಇಳಿದು ಹೊಳೆಯ ಕಡೆ ನಡೆದಾಗ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡಿತು. ಕಳಚಿ ಕೈಯಲ್ಲಿ ಹಿಡಿದೆ.

ಹುಸೇನಸಾಬರು ಎತ್ತು ಹೂಡಿ ಕೂರಿಗೆಯಿಂದ ಬಿತ್ತುತ್ತಿದ್ದರು. ಅರವತ್ತರ ಆಸುಪಾಸಿನ, ಬಡಕಲು ಮೈಯ ಮನುಷ್ಯ. ನಾನು ಬಂದ ಕಾರಣ ಕೇಳಿ ಅವರ ಮುಖ ಸಣ್ಣದಾಯಿತು.

"ಮಣ್ಣು ಕೊಟ್ಟ ಮ್ಯಾಲೆ ಮತ್ತ ತಗಿಯೂದೇನು? ಏನ್ ಮಾಡ್ತಿ ತಮ್ಮಾ, ತಗೊಂಡು?"

"ಓದ್ತೇನ್ರಿ ಕಾಕಾ. ನಂದು ಮುಗಿದ ಮ್ಯಾಲೆ ನನ್ನ ಹಿಂದಿನ ಹುಡುಗೂರು ಓದ್ತಾರ."

ಅವರು ಎತ್ತುಗಳ ಹಗ್ಗವನ್ನು ಕೂರಿಗೆಗೆ ಕಟ್ಟಿದರು. ಆಮೇಲೆ ತಾವೇ ಗುದ್ದಲಿ ತಂದು ಬೇವಿನ ಮರದ ಬುಡದಲ್ಲಿ ಅಗೆದರು. "ಮೆಲ್ಲಕ ತಗಿ. ಇದರ ಹೆಸರು ಕೆಂದ್ಯಾ," ಎಂದರು.

ಪಕ್ಕೆಲುಬು, ಬೆನ್ನೆಲುಬಿನ ಮಣಿಗಳು, ಭುಜದ ಅಗಲ ಎಲುಬು ಒಂದೊಂದಾಗಿ ಬಂದವು. ನಾನು ಹೆಸರು ಹೇಳಿಕೊಳ್ಳುತ್ತಾ ಚೀಲಕ್ಕೆ ಹಾಕುತ್ತಿದ್ದೆ. ಮುಂಗಾಲಿನಲ್ಲಿ, ಗೊರಸಿನ ಮೇಲಿನ ಪುಟ್ಟ ಎಲುಬಿಗೆ ಬಂದಾಗ ಕೈ ನಿಂತಿತು. ಅದರ ಸುತ್ತ ಬಳೆಯ ಹಾಗೆ ಒರಟಾದ ಹೊಸ ಎಲುಬು ಬೆಳೆದಿತ್ತು.

"ಇದು ಕುಂಟತಿತ್ತೇನ್ರಿ?" ಹಿಂದುಮುಂದು ನೋಡದೆ ಕೇಳಿಬಿಟ್ಟೆ.

"ಕಡೀ ವರ್ಷ ಕುಂಟತಿತ್ತು. ಕೆಲಸ ಅಂದ್ರ ಕಳ್ಳಾಟ ಮಾಡ್ತೈತಿ ಅಂತ ತಿಳಕೊಂಡಿದ್ದೆ. ಬಾರಕೋಲಿಲೆ ಹೊಡದೀನಿ." ಅವರು ಎಲುಬಿಗೆ ಕೈ ಚಾಚಿದರು. "ಇದು ನೋಯಸ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ಗಂಟಲವರೆಗೆ ಬಂದಿತ್ತು ಆ ಮಾತು. ಆದರೆ ಎಲುಬು ಅವರ ಕೈಯಲ್ಲೇ ಇತ್ತು.

"ನೋಯಸ್ತಿತ್ರಿ ಕಾಕಾ. ಹೆಜ್ಜಿ ಹೆಜ್ಜಿಗೂ."

ಅವರು ಅಗೆದ ಕುಣಿಯ ಅಂಚಿನಲ್ಲಿ ಕುಳಿತರು. ರುಮಾಲಿನ ತುದಿಯಿಂದ ಎಲುಬನ್ನು ಒರೆಸಿದರು, ಸ್ವಚ್ಛವಾದ ಮೇಲೂ ಒರೆಸಿದರು. ಹೇಳಬಾರದಿತ್ತೇನೋ ಎಂದು ನನಗೆ ಸಂಕಟವಾಯಿತು. ಕೊನೆಗೆ ಅದನ್ನು ತಾವೇ ಚೀಲದಲ್ಲಿಟ್ಟು, "ಹುಡುಗೂರಿಗೆ ಮೊದಲ ಇದನ್ನ ತೋರಸು," ಎಂದರು.

ಎದ್ದವರು ಕೂರಿಗೆಗೆ ಹೂಡಿದ ಎತ್ತುಗಳನ್ನು ತೋರಿಸಿದರು. "ಇವುಗಳ ಕಾಲೂ ನೋಡಿಬಿಡು."

"ನಾ ಇನ್ನೂ ಕಲಿಯಾಂವ ರೀ. ನಪಾಸ್ ಆಗೀನಿ."

"ಎಲುಬು ನೋಡಿ ಹೇಳಿದಿ. ಕಾಲು ಮುಟ್ಟಿ ಹೇಳಾಕ ಆಗೂದಿಲ್ಲೇನು?"

ಹೆದರುತ್ತಲೇ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಮೊದಲ ಎತ್ತಿನ ಕಾಲು ನುಣುಪಾಗಿತ್ತು. ಎರಡನೆಯದರ ಎಡ ಮುಂಗಾಲಿನಲ್ಲಿ ಹೆಬ್ಬೆರಳಿಗೆ ಸಣ್ಣ ಗಂಟೊಂದು ಸಿಕ್ಕಿತು. ಒತ್ತಿದೆ. ಎತ್ತು ಕಾಲು ಎಳೆದುಕೊಂಡಿತು.

"ದುಡಿಸಬ್ಯಾಡ್ರಿ. ಮುಂಡರಗಿ ಡಾಕ್ಟರಿಗೆ ತೋರಸ್ರಿ," ಎಂದೆ.

ಸುತ್ತಲಿನ ಹೊಲಗಳಲ್ಲೆಲ್ಲ ಕೂರಿಗೆಗಳು ಓಡುತ್ತಿದ್ದವು. ಹುಸೇನಸಾಬರು ಆಕಾಶ ನೋಡಿದರು, ಹದವಾಗಿದ್ದ ಮಣ್ಣು ನೋಡಿದರು. ಆಮೇಲೆ ಬಗ್ಗಿ ಎತ್ತಿನ ಕೊರಳಿನಿಂದ ನೊಗ ಕಳಚಿದರು.

ಚೀಲವನ್ನು ಅವರೇ ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ಬಂದರು. ಬಸ್ಸು ತಿರುವಿಗೆ ಬಂದಾಗ ಕಿಟಕಿಯಿಂದ ಅವರ ಹೊಲ ಕಂಡಿತು. ಅರ್ಧ ಬಿತ್ತಿದ ಸಾಲುಗಳ ನಡುವೆ ಕೂರಿಗೆ ಒಂಟಿಯಾಗಿ ನಿಂತಿತ್ತು. ಆ ಎತ್ತು ಬೇವಿನ ನೆರಳಿನಲ್ಲಿ ಮಲಗಿತ್ತು.