ಉದ್ದನೆಯ ಪೆಟ್ಟಿಗೆ, ಚೌಕನೆಯ ಕುಣಿ

ಮೊನ್ನೆ ಸವಣೂರಿನಿಂದ ಶಿಗ್ಗಾವಿಗೆ ಹೋಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ, ನಾನು ನಡುವೆ. ಈ ಕಡೆ ಕೂತಿದ್ದ ದಪ್ಪ ಮೀಸೆಯವರು ಮೊಬೈಲನ್ನು ಇಡೀ ಬಸ್ಸಿಗೇ ಕೇಳುವಂತೆ ಹಚ್ಚಿಕೊಂಡಿದ್ದರು. ಯಾವ ದೇಶದಲ್ಲಿ ಹೆಣವನ್ನು ಏನು ಮಾಡುತ್ತಾರೆ ಎಂಬ ವಿಡಿಯೊ. ಒಂದು ಕಡೆ ಮೀನಿನ ಆಕಾರದ ಶವಪೆಟ್ಟಿಗೆ, ಇನ್ನೊಂದು ಕಡೆ ಸುಟ್ಟು ಉಳಿದ ಎಲುಬನ್ನು ಮನೆಯವರೇ ಕಡ್ಡಿಯಿಂದ ಆರಿಸುವುದು. "ಎಂಥಾ ಹುಚ್ಚ ಮಂದಿ ನೋಡ್ರಿ!" ಎಂದು ನನ್ನ ಕಡೆ ತಿರುಗಿ ನಕ್ಕರು. ಪಕ್ಕದವರು ನಕ್ಕರೆ, ಯಾಕೆಂದು ತಿಳಿಯದಿದ್ದರೂ ನಗುವುದು ನನ್ನ ಹಳೆಯ ಚಟ. ಅಂದು ನಗಲಾಗಲಿಲ್ಲ.

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ನಿಮಗೂ ಗೊತ್ತಿರಬಹುದು. ಜೀವ ಹೋದ ಕೂಡಲೇ, ಮೈ ಸೆಟೆಯುವ ಮೊದಲೇ, ಗೋಡೆಗೆ ಆನಿಸಿ ಚಕ್ಕಳಮಕ್ಕಳ ಕೂರಿಸಬೇಕು. ಕುಣಿಯೂ ಅದಕ್ಕೆ ತಕ್ಕಂತೆ ಚೌಕ. ಆದರೆ ಅಕ್ಕನ ಗಂಡ, ನಮ್ಮ ಮಾವ, ತೀರಿಕೊಂಡದ್ದು ಕೊಲ್ಲಿ ದೇಶದಲ್ಲಿ. ಅಲ್ಲಿ ಲಾರಿ ಓಡಿಸುತ್ತಿದ್ದರು. ಅವರ ಊರಾದ ಹಿರೇಬೆಂಡಿಗೇರಿಗೆ ಬಂದದ್ದು ಉದ್ದನೆಯ ಪೆಟ್ಟಿಗೆ. ಕೆಡದಂತೆ ಔಷಧಿ ತುಂಬಿದ್ದರಿಂದ ಮೈ ಕೊರಡಾಗಿತ್ತು. ಹೊಲದಲ್ಲಿ ಆಗಲೇ ಚೌಕನೆಯ ಕುಣಿ ತೋಡಿದ್ದರು.

ಅಕ್ಕ ಮಾವನ ಅಣ್ಣನ ಮುಂದೆ ಕೈಮುಗಿದು ನಿಂತಳು. "ಭಾವಾರ, ಅವರು ಜೀವನಪೂರ್ತಿ ಕುಂತ ಗಾಡಿ ಹೊಡದಾರ್ರಿ. ಈಗರ ಕಾಲು ಚಾಚಿ ಮಲಗ್ಲಿ. ಕುಣೀನ ಒಂದಿಷ್ಟು ಉದ್ದ ಮಾಡಸ್ರಿ."

"ನಮ್ಮ ಮನ್ಯಾಗ ಇಲ್ಲೀತನಕ ಯಾರ್ನೂ ಮಲಗಿಸಿ ಮಣ್ಣು ಮಾಡಿಲ್ಲವ್ವಾ. ನಾಳೆ ಮಂದಿಗೆ ಏನ್ ಮಾರಿ ತೋರಸೂಣು?"

ಮಂದಿ! ಮಾವ ಬದುಕಿದ್ದಾಗ ಉಂಡರೋ ಬಿಟ್ಟರೋ ಎಂದು ಕೇಳದ ಮಂದಿ, ಸತ್ತ ಮೇಲೆ ಅವರ ಕಾಲು ಹೇಗಿರಬೇಕೆಂದು ನೋಡಲು ನೆರೆದಿದ್ದರು. ನಾನು ಅಕ್ಕನ ಪರವಾಗಿ ಬಾಯಿ ತೆರೆದೆ. "ನೀ ಬೀಗರ ಮನಿಯಾಂವ, ಸುಮ್ನ ಕುಂದರು" ಎಂದರು ಮಾವನ ಅಣ್ಣ. ಹೆಂಗಸರನ್ನು ದೂರ ಕಳಿಸಿದರು. ಸೆಟೆದ ಕಾಲುಗಳನ್ನು ಮಡಚಲು ಗಟ್ಟಿಮುಟ್ಟಾದ ಗಂಡಸರು ಮುಂದೆ ಬಂದರು. ಭಜನೆಯ ತಾಳ ಜೋರಾಯಿತು. ಅದರ ನಡುವೆಯೂ ಕೇಳಿದ ಸದ್ದನ್ನು ನಾನು ಇಲ್ಲಿ ಬರೆಯಲಾರೆ. ಆಮೇಲೆ ಮಾವ ಕೂತರು.

"ಎಲ್ಲಾ ಪದ್ಧತಿ ಪ್ರಕಾರ ಆತು ನೋಡ್ರಿ" ಎಂದು ಹಿರಿಯರು ಕೈ ತೊಳೆದುಕೊಂಡರು. ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಕ್ಕನಿಗಾದರೂ ಆ ಸದ್ದು ಕೇಳಿಸಲಿಲ್ಲವಲ್ಲ ಎಂಬುದೊಂದೇ ಸಮಾಧಾನ. ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬಂದೆ.

ಮೀಸೆಯವರು ವಿಡಿಯೊ ಮುಗಿಸಿ, "ಏನರ ಅನ್ರಿ, ನಮ್ಮ ಪದ್ಧತೀನ ಚಲೋ" ಎಂದರು.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು.

"ನಮ್ಮ ಮನಿಯವರನ್ನ ಆ ದೇಶದವ್ರು ನೆಟ್ಟಗ ಮಲಗಿಸಿ ಕಳಿಸಿದ್ರು. ಮಣಕಾಲ ಮುರದಾವ್ರು ನಮ್ಮವ್ರು. ಭಜನಿ ಎಷ್ಟ ಜೋರ ಹಚ್ಚಿದ್ರೂ ನನಗ ಕೇಳಿಸ್ತರಿ."