ಎಡ ಹೆಗಲಿನ ಕೋವಿ

ರೋವೀನಾ ಕ್ಲಟರ್ ಎಡಗೈಯವಳು. ನಮ್ಮ ಕಾಲೇಜಿನ ಅಡುಗೆಮನೆಯಲ್ಲಿ ಸೂಪಿನ ಸೌಟು ಹಿಡಿಯುವುದೂ ಎಡಗೈಯಲ್ಲಿ, ಭಾನುವಾರ ಗುರಿ ಹೊಡೆಯುವ ಕ್ಲಬ್ಬಿನ ಬಯಲಿನಲ್ಲಿ ಕೋವಿ ಆನಿಸುವುದೂ ಎಡ ಹೆಗಲಿಗೆ. ಸೌಟಿಗೆ ಎಡಬಲವಿಲ್ಲ. ಹಳೆಯ ಕಾಲದ ಮಾದರಿಯ ಚಕಮಕಿ ಕೋವಿಗೆ ಇದೆ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುವುದು, ಪುಟ್ಟ ಬಟ್ಟಲಿನ ಮದ್ದು ಭಗ್ಗನೆ ಹೊತ್ತಿಕೊಳ್ಳುವುದು, ಎಲ್ಲವೂ ಅದರ ಬಲಮಗ್ಗುಲಲ್ಲಿ. ಬಲಗೈಯವರಿಗೆ ಆ ಬೆಂಕಿ ಆಚೆ ಬದಿಗೆ. ರೋವೀನಾಳಿಗೆ ಮುಖದ ಮುಂದೆಯೇ.

ಅಣ್ಣ ಡೆಲ್ಬರ್ಟನ ಕೋವಿಯಲ್ಲೇ ಅವಳು ಎಷ್ಟೋ ವರ್ಷ ಗುರಿ ಹೊಡೆದಳು. ಕನ್ನಡಕ ಹಾಕಿದ್ದರೂ ಟ್ರಿಗರ್ ಎಳೆಯುವ ಗಳಿಗೆಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗುಂಡು ಗುರಿಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಎಲ್ಲೋ ಹೋಗಿ ಮಲಗುತ್ತಿತ್ತು. ಗುರಿ ತಪ್ಪಿದ್ದು ಅವಳಿಗೆ ದೊಡ್ಡ ಬೇಸರವಲ್ಲ. ತನ್ನ ಬೆರಳಿನಿಂದ ಹುಟ್ಟಿದ ಬೆಂಕಿಯನ್ನು ತಾನೇ ಒಮ್ಮೆಯೂ ನೋಡಿಲ್ಲವಲ್ಲ ಎಂಬುದು ಬೇಸರ.

ಅಕ್ಟೋಬರಿನಲ್ಲಿ ವ್ಯಾಪಾರಿ ವೆಂಡಲ್ ಪ್ರೂಟ್ ಬಯಲಿನ ಅಂಚಿನಲ್ಲಿ ಡೇರೆ ಹಾಕಿದಾಗ ಅವಳು ಸ್ವಂತ ಕೋವಿ ಕೊಳ್ಳಲು ಹೊರಟಳು. ಕಂಬಳಿಯ ಮೇಲೆ ಎರಡು ಮಲಗಿದ್ದವು. ಒಂದು ಹಳೆಯ ಫ್ರೆಂಚ್ ಸೈನ್ಯದ ಮಾದರಿಯದು. ಉದ್ದ, ಹೊಳಪು, ನೀರಿನ ಮೇಲಿನ ಬೆಳಕಿನಂಥ ಉಕ್ಕು. ಇನ್ನೊಂದು ಕಂದು ಬಣ್ಣದ ಸಾದಾ ಬೇಟೆಕೋವಿ. ಆದರೆ ಅದರ ಚಕಮಕಿ ಎಡಮಗ್ಗುಲಲ್ಲಿತ್ತು.

ಡೆಲ್ಬರ್ಟನ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಹಳೆಯ ಕಾಲದ ಸಿಪಾಯಿಗಳಂತೆ ಭುಜಕ್ಕೆ ಭುಜ ತಾಗಿಸಿ ನಿಂತು ಗುಂಡು ಹಾರಿಸುವ ಆ ಸಾಲಿಗೆ ಸೈನ್ಯದ ಮಾದರಿಯ ಕೋವಿಯೇ ಆಗಬೇಕು. ರೋವೀನಾ ಆ ಜಾಗಕ್ಕೆ ಬಹಳ ಕಾಲದಿಂದ ಕಾದಿದ್ದಳು.

"ಎಡಗೈ ಸಿಪಾಯಿ ಅಂತ ಯಾವ ಸೈನ್ಯದಲ್ಲೂ ಇರ್ಲಿಲ್ಲ ಕಣೇ," ಎಂದ ಡೆಲ್ಬರ್ಟ್. "ಇದ್ರೂ ಹೊಡೆದು ಬಲಗೈ ಮಾಡಿರ್ತಾರೆ."

"ನೀನೂ ಹೊಡೆದು ನೋಡು. ನಿನ್ನ ಸೂಪಿಗೆ ಉಪ್ಪೇ ಬೀಳಲ್ಲ."

"ಜಗಳ ಆಮೇಲೆ ಆಡ್ಕೊಳ್ಳಿ," ಎಂದ ವೆಂಡಲ್. "ಕಣ್ಣು ಮುಚ್ಚು, ರೋ. ಎತ್ತಿ ಹೆಗಲಿಗೆ ಆನಿಸು. ಈಗ ಕಣ್ಣು ಬಿಡು. ಮೂತಿ ನಿನ್ನ ನೋಟದ ನೇರಕ್ಕಿದ್ರೆ ಅದು ನಿಂದು."

ಫ್ರೆಂಚ್ ಕೋವಿಯ ಮೂತಿ ಮೇಪಲ್ ಮರದ ತುದಿಯನ್ನು ನೋಡುತ್ತಿತ್ತು.

"ಅಭ್ಯಾಸ ಆಗತ್ತೆ ಬಿಡು," ಎಂದ ಡೆಲ್ಬರ್ಟ್.

ಕಂದು ಕೋವಿ ಎತ್ತಿದವಳು ಕಣ್ಣು ಬಿಡಲು ಅವಸರ ಮಾಡಲಿಲ್ಲ. ಎಲೆಗಳು ಒಂದೊಂದಾಗಿ ನೆಲಕ್ಕಿಳಿಯುವ ಸದ್ದು, ಯಾರೋ ಕಡಾಯಿಯಲ್ಲಿ ಸೇಬು ಕುದಿಸುತ್ತಿರುವ ವಾಸನೆ, ಹೆಗಲ ಮೇಲೆ ಬೆಕ್ಕು ಬಂದು ಕೂತಂಥ ಭಾರ. ಕಣ್ಣು ಬಿಟ್ಟರೆ ಮೂತಿ, ಬಯಲು, ದೂರದ ಬಿಳಿ ಗುರಿ ಮೂರೂ ಒಂದೇ ನೇರದಲ್ಲಿದ್ದವು.

ಡೆಲ್ಬರ್ಟ್ ದನಿ ತಗ್ಗಿಸಿದ. "ಅದನ್ನ ತಗೊಂಡ್ರೆ ನಿನ್ನ ಜಾಗ ನಿನ್ ಹಿಂದೆ ಕಾಯ್ತಿರೋ ಹಾರ್ಲನ್‌ಗೆ ಕೊಡ್ಬೇಕಾಗತ್ತೆ, ರೋ."

ಅವಳು ಕಂದು ಕೋವಿಯನ್ನು ಹೆಗಲಿನಿಂದ ಇಳಿಸಿ ತೋಳಿಗೆ ಒರಗಿಸಿಕೊಂಡಳು.

"ಕೊಡು," ಎಂದಳು. "ಅವನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾನೆ. ನಾನು ಎಚ್ಚರ ಇದ್ದೂ ಮುಚ್ಕೋತೀನಿ."

ಅವಳು ಕೊಂಡ ಎಡಗೈ ಕೋವಿಯ ಕಿಡಿ ಪಕ್ಕದವರಿಗೆ ಹಾರಬಾರದೆಂದು ಅವಳನ್ನು ಬಯಲಿನ ಎಡ ತುದಿಯಲ್ಲಿ ಒಬ್ಬಳನ್ನೇ ನಿಲ್ಲಿಸಿದರು. ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನು ಸುತ್ತಿ ನಳಿಗೆಯೊಳಗೆ ಕೋಲಿನಿಂದ ಇಳಿಸಿದಳು. ಬಟ್ಟಲಿಗೆ ಚಿಟಿಕೆ ಮದ್ದು ಹಾಕಿದಳು. ಗುರಿ ಹಿಡಿದು ಟ್ರಿಗರ್ ಎಳೆದಳು.

ಕಲ್ಲು ಉಕ್ಕಿಗೆ ಬಡಿಯಿತು. ಬಟ್ಟಲು ಹೊತ್ತಿತು. ಹೊಗೆ ಮಗ್ಗುಲು ಬದಲಿಸಿ ಮೆಲ್ಲನೆ ಹೊರಟುಹೋಯಿತು.

ಢಂ ಎನ್ನಲೇ ಇಲ್ಲ.

"ನಳಿಗೆಗೆ ಮದ್ದು ಹಾಕೋದೇ ಮರೆತಿದ್ದಾಳೆ!" ಹಾರ್ಲನ್ ಕೂಗಿದ. ಬಯಲೆಲ್ಲ ನಕ್ಕಿತು. ಹಾಗೆ ಮರೆತವರು ಮುಂದಿನ ಭಾನುವಾರ ಎಲ್ಲರಿಗೂ ಹೂರಣ ತುಂಬಿ ಬೇಯಿಸಿದ ಪೈ ತರಬೇಕು. "ನಂಗೆ ಪೀಚ್!" "ಕುಂಬಳಕಾಯಿದು ಮಾಡೇ, ರೋ!"

ಅವಳು ಮೂತಿಯನ್ನು ಗುರಿಯತ್ತಲೇ ಇಟ್ಟುಕೊಂಡು ನಿಂತಿದ್ದಳು. ಡೆಲ್ಬರ್ಟ್ ತಿರುಪಿನ ಕೋಲು ತಂದು, ಗುಂಡು ಹೊರತೆಗೆಯಲು ನಳಿಗೆಯೊಳಗೆ ತಿರುವತೊಡಗಿದ.

"ಹೋಗ್ಲಿ ಬಿಡು, ಎಲ್ರಿಗೂ ಆಗತ್ತೆ. ಮತ್ತೆ ಕಣ್ಣು ಮುಚ್ಚಿದ್ಯಾ?"

"ಇಲ್ಲ ಡೆಲ್, ನೋಡ್ದೆ. ಮೊದ್ಲು ಕಿತ್ತಳೆ ಬಣ್ಣದ ಕಿಡಿ, ಬೇರೆ ಬೇರೆಯಾಗಿ. ಆಮೇಲೆ ಅವೆಲ್ಲ ಒಟ್ಟು ಸೇರ್ಕೊಂಡ್ವು. ಬುಡದಲ್ಲಿ ಬೆಳ್ಳಗೆ..."

ಡೆಲ್ಬರ್ಟನ ಕೈ ನಿಂತಿತು.

"ಆಮೇಲೆ?" ಎಂದ.